ದೊಡ್ಡವರು ಬಂದ ಮಧ್ಯಾಹ್ನ

ನಮ್ಮಮ್ಮ ನಮ್ಮ ದೊಡ್ಡಪ್ಪನ ಹೆಸರನ್ನು ಒಂದು ದಿನವೂ ಬಾಯಲ್ಲಿ ಹೇಳಿದವರಲ್ಲ. ಗಂಡನ ಅಣ್ಣ, ಹೆಸರು ಹಿಡಿಯುವಂತಿಲ್ಲ, ಎದುರಿಗೆ ನಿಲ್ಲುವಂತಿಲ್ಲ. ‘ದೊಡ್ಡವರು’ ಅನ್ನುತ್ತಿದ್ದರು, ಅಷ್ಟೇ. ದೊಡ್ಡವರಿಗೆ ಕಾಫಿ ಕೊಡು, ದೊಡ್ಡವರ ಸ್ನಾನ ಆಯಿತೇನೋ ನೋಡು. ನಮ್ಮ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥವೇ ಇರಲಿಲ್ಲ.

ಐವತ್ತರ ದಶಕದ ಒಂದು ಬೇಸಿಗೆ ರಜೆ ಅದು. ನಾನು ಮೈಸೂರಿನ ಕಾನ್ವೆಂಟಿನಲ್ಲಿ ಬೋರ್ಡರ್, ಆಗತಾನೇ ಥರ್ಡ್ ಫಾರ್ಮ್ ಮುಗಿಸಿದ್ದೆ. ಇನ್ನು ಸಾಕು, ಹುಡುಗಿ ಮನೆಗೆ ಬರಲಿ ಎಂದು ಹರದನಹಳ್ಳಿಯಿಂದ ದೊಡ್ಡಪ್ಪ ಹೇಳಿ ಕಳಿಸಿದ್ದರು. ಕಾನ್ವೆಂಟಿನ ಹುಡುಗಿಯರು ಹಿರಿಯರಿಗೆ ಬಗ್ಗುವುದಿಲ್ಲ, ನೆಟ್ಟಗೆ ಕನ್ನಡ ಆಡುವುದಿಲ್ಲ ಎನ್ನುವುದು ಅವರ ಕಂಪ್ಲೇಂಟು. ಅವರ ಮಾತೆಂದರೆ ಮನೆಯಲ್ಲಿ ಫೈನಲ್. ಗುಂಡ್ಲುಪೇಟೆಯಲ್ಲಿ ರಸ್ತೆ ಓವರ್‌ಸಿಯರ್ ಆಗಿದ್ದ ಅಪ್ಪನಿಗೆ ಅಣ್ಣನ ಎದುರು ‘ಇಲ್ಲ’ ಅಂದು ಅಭ್ಯಾಸವಿರಲಿಲ್ಲ. ಅದಕ್ಕೇ ಒಂದು ಉಪಾಯ ಮಾಡಿದರು. ಬಂಡೀಪುರದ ಪಾರ್ಕಿನಲ್ಲಿ ನಾಲ್ಕು ದಿನ ಟೆಂಟ್ ಹಾಕೋಣ, ಮೂರನೆಯ ದಿನ ಅಣ್ಣನನ್ನು ಕರೆಸೋಣ, ಕಾಡಿನ ಗಾಳಿಗೆ ಮನಸ್ಸು ಸ್ವಲ್ಪ ಮೆತ್ತಗಾದೀತು ಎಂದು.

ರೆಸ್ಟ್ ಹೌಸಿನಿಂದ ಕೂಗಳತೆಯಲ್ಲಿ ನಮ್ಮ ಟೆಂಟು. ಅಡುಗೆಗೆ ಹಂಗಳದಿಂದ ಬಂದ ಒಬ್ಬ ಅಜ್ಜ. ಎಲ್ಲರೂ ತಾತ ಅನ್ನುತ್ತಿದ್ದೆವು. ಕಾಡುಪ್ರಾಣಿಗಳಿಗೆ ನಮ್ಮ ಭಯವೇ ಇರಲಿಲ್ಲ. ಮೊದಲ ದಿನವೇ ಕೋತಿಗಳು ಅಮ್ಮನ ನಿಪ್ಪಟ್ಟಿನ ಡಬ್ಬಿಯನ್ನು ಮುಚ್ಚಳ ತೆಗೆದು, ಹಂಚಿಕೊಂಡು ತಿಂದವು. ಒಣಹಾಕಿದ ನನ್ನ ಪೆಟ್ಟಿಕೋಟನ್ನು ಒಂದು ಜಿಂಕೆ ನಿಧಾನವಾಗಿ ಅಗಿಯುತ್ತಿತ್ತು. ತಾತ ಓಡಿಸಲಿಲ್ಲ. ನಾವು ಅವರ ಊರಿಗೆ ಬಂದಿದ್ದೇವೆ, ಅವರೇನು ನಮ್ಮ ಊರಿಗೆ ಬಂದಿಲ್ಲ ಅಂದ.

ಮೂರನೆಯ ದಿನ ಊಟವಾದ ಮೇಲೆ, ಊಟಿ ಬಸ್ಸಿನಲ್ಲಿ ಬರುವ ಅಣ್ಣನನ್ನು ಎದುರುಗೊಳ್ಳಲು ಅಪ್ಪ ರಸ್ತೆಗೆ ಹೋದರು. ಅಮ್ಮ ನನಗೆ ಲಂಗ ಉಡಿಸಿ, ಜಡೆ ಬಿಗಿದು, ಹಿತ್ತಾಳೆ ತಟ್ಟೆಯಲ್ಲಿ ಒಂದು ಚಿಪ್ಪು ರಸಬಾಳೆ, ವೀಳ್ಯದೆಲೆ ಜೋಡಿಸಿಟ್ಟರು. ತಲೆ ಎತ್ತಬೇಡ, ಪಾದ ನೋಡಿಕೊಂಡು ಹೋಗು, ತಟ್ಟೆ ಕೊಟ್ಟು ನಮಸ್ಕಾರ ಮಾಡಿ ಆಮೇಲೆ ಮಾತು. ಅಪ್ಪ ಬರೆದುಕೊಟ್ಟ ಮೂರು ವಾಕ್ಯಗಳನ್ನು ನಾನು ಎಲೊಕ್ಯೂಷನ್ ಪ್ರೈಜಿಗೆ ನಿಂತವಳಂತೆ ಬಾಯಿಪಾಠ ಮಾಡಿದ್ದೆ. ಕೊನೆಯದು, ‘ಇನ್ನೆರಡು ವರ್ಷ ಓದಲು ಅಪ್ಪಣೆ ಕೊಡಬೇಕು.’

ಆಗ ಹೊರಗಿನಿಂದ ತಾತನ ದನಿ, ತೀರಾ ತಗ್ಗಿದ ದನಿ.

“ಅಮ್ಮಾರೇ, ದೊಡ್ಡೋರು ಬಂದವ್ರೆ. ಒಳ್ಗೇ ಇರಿ.”

ಅಮ್ಮನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಭಾವನವರು ಬಂದರೆ ಒಳಗಿರುವುದು ಅವರ ಪದ್ಧತಿ. ತಾತ ಮರ್ಯಾದೆ ತಿಳಿದವನು ಎಂದುಕೊಂಡು ಸೆರಗು ಸರಿಮಾಡಿಕೊಂಡರು. ತಟ್ಟೆ ನನ್ನ ಕೈಗಿಟ್ಟು, ತಾವು ಹೊರಗೆ ಇಣುಕದೆ ಮರೆಯಲ್ಲೇ ನಿಂತು ಟೆಂಟಿನ ಪರದೆ ಎತ್ತಿದರು.

ನಾನು ತಲೆ ತಗ್ಗಿಸಿಕೊಂಡೇ ಹತ್ತು ಹೆಜ್ಜೆ ನಡೆದೆ. ನೆಲದ ಮೇಲೆ ನೆರಳು ಕಂಡಿತು. ದೊಡ್ಡಪ್ಪ ದಪ್ಪ ಆಳು, ಅನುಮಾನ ಬರಲಿಲ್ಲ. ದೊಡ್ಡಪ್ಪ, ಪ್ರಯಾಣ ಸುಖವಾಗಿತ್ತೆ ಎಂದು ಮೊದಲ ವಾಕ್ಯ ಹೇಳಿ ತಟ್ಟೆ ಮುಂದೆ ಹಿಡಿದೆ. ಪಾಲಿಶ್ ಮಾಡಿದ ಪಂಪ್ ಶೂ ಹುಡುಕಿದ ಕಣ್ಣಿಗೆ ಕಂಡದ್ದು ಉಗುರುಗಳು. ಅಂಗೈಯಗಲದ, ಕೆಮ್ಮಣ್ಣು ಮೆತ್ತಿದ ಉಗುರುಗಳು. ಆಮೇಲೆ ಬೆಚ್ಚನೆಯ ಒಂದು ಉಸಿರು ತಟ್ಟೆಯ ಮೇಲೆ ಹಾಯಿತು, ವೀಳ್ಯದೆಲೆ ಅಲುಗಿತು, ಚಿಪ್ಪಿಗೆ ಚಿಪ್ಪೇ ಮೇಲೆದ್ದು ಹೋಯಿತು.

ಒಲೆಯ ಹತ್ತಿರದಿಂದ ತಾತ, ಮಗುವನ್ನು ಮಲಗಿಸುವವರ ಹಾಗೆ, “ಹಿಂದ್ಕೆ ಬಾ ಕಣಮ್ಮಿ. ತಿರುಗ್‌ಬ್ಯಾಡ, ಓಡ್‌ಬ್ಯಾಡ” ಅಂದ.

ಹಿಂದಕ್ಕೆ ನಡೆಯುವುದು ನನಗೆ ಗೊತ್ತಿತ್ತು. ಬಿಷಪ್ ಬಂದಾಗ ಹೂಗುಚ್ಛ ಕೊಡುವ ಹುಡುಗಿ ಅವರಿಗೆ ಬೆನ್ನು ತೋರಿಸಬಾರದೆಂದು ನಿಲ್ಲುವ ನಡೆಯುವ ರೀತಿ ಕಲಿಸುವ ಡಿಪೋರ್ಟ್‌ಮೆಂಟ್ ಕ್ಲಾಸಿನಲ್ಲಿ ಸಿಸ್ಟರ್ ಒಂದು ಟರ್ಮ್ ಪೂರ್ತಿ ಅದನ್ನೇ ಮಾಡಿಸಿದ್ದರು. ಮೊದಲು ಹಿಮ್ಮಡಿಯಿಂದ ನೆಲ ತಡಕಬೇಕು, ಆಮೇಲೆ ಭಾರ ಬಿಡಬೇಕು, ಮುಖದಲ್ಲಿ ಶಾಂತಿ ಇರಬೇಕು. ಮುಖದ ವಿಷಯ ನಾನು ಹೇಳಲಾರೆ. ಏಳನೆಯ ಹೆಜ್ಜೆಗೆ ಹಿಮ್ಮಡಿಗೆ ಟೆಂಟಿನ ಹಗ್ಗ ತಗುಲಿತು. ತಡಕಿ, ದಾಟಿ, ಒಳಗೆ ಸೇರಿದೆ. ತಟ್ಟೆ ಕೈಯಲ್ಲೇ ಇತ್ತು. ಆನೆ ಸಿಪ್ಪೆಸಮೇತ ತಿಂದು ಮುಗಿಸಿ, ಕಿವಿ ಬೀಸುತ್ತ ಸ್ವಲ್ಪ ಹೊತ್ತು ನಿಂತು, ಇನ್ನೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಳ್ಳದ ಕಡೆ ಇಳಿದುಹೋಯಿತು.

ಬಸ್ಸು ಆಗಲೇ ಬಂದಿತ್ತಂತೆ. ಅಪ್ಪ, ದೊಡ್ಡಪ್ಪ ಇಬ್ಬರೂ ರೆಸ್ಟ್ ಹೌಸಿನ ಜಗಲಿಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದರು. ಕೂಗಬೇಡಿ ಎಂದು ಗಾರ್ಡ್ ತಡೆದಿದ್ದನಂತೆ. ದೊಡ್ಡಪ್ಪ ಬಂದು ಟೆಂಟಿನ ಹೊರಗಿದ್ದ ನಮ್ಮ ಟ್ರಂಕಿನ ಮೇಲೆ ಕುಳಿತರು. ಒಂದು ಲೋಟ ನೀರು ಕುಡಿದರು. ಹಾಗೆ ಹಿಂದಕ್ಕೆ ನಡೆಯುವುದನ್ನು ಯಾರು ಕಲಿಸಿದರು ಎಂದು ಕೇಳಿದರು. ಕಾನ್ವೆಂಟಿನಲ್ಲಿ ಅಂದೆ, ಬಿಷಪ್ಪರ ವಿಷಯವನ್ನೂ ಹೇಳಿದೆ.

“ಅದೆಲ್ಲ ಕಲಿಸ್ತಾರೆ. ಆನೆಗೆ ದೊಡ್ಡೋರು ಅಂತಾರೆ ಅಂತ ಮಾತ್ರ ಕಲಿಸನಿಲ್ವಾ?” ಅಂದರು ದೊಡ್ಡಪ್ಪ.

ತಾತ ಅಲ್ಲೇ ತಡೆದ. “ಆ ಎಸ್ರು ಇಲ್ಲಿ ಹಿಡೀಬ್ಯಾಡಿ ಸೋಮಿ. ಇನ್ನೂ ದೂರ ಓಗಿಲ್ಲ. ಎಸ್ರು ಕೇಳುದ್ರೆ ಕರುದ್ರು ಅಂತ ಬಂದ್ಬುಡ್ತರೆ.”

ಆಗ ಪರದೆಯ ಆಚೆಯಿಂದ ಅಮ್ಮ ಮಾತಾಡಿದರು. ಭಾವನವರಿಗೆ ಕೇಳುವಂತೆ ಅವರು ಆಡಿದ ಮೊದಲ ಮಾತು ಅದು. “ತಪ್ಪು ಅವಳದಲ್ಲ, ನನ್ನದು. ದೊಡ್ಡವರು ಅಂದರೆ ನಮ್ಮ ದೊಡ್ಡವರು ಅಂದುಕೊಂಡೆ.”

ದೊಡ್ಡಪ್ಪ ಪರದೆಯನ್ನೇ ನೋಡಿದರು. ಭುಜ ಕುಲುಕತೊಡಗಿತು, ಅಳುತ್ತಿದ್ದಾರೆಂದು ನನಗೆ ಗಾಬರಿಯಾಯಿತು. ನಗುತ್ತಿದ್ದರು. ಕಣ್ಣೊರೆಸಿಕೊಂಡು ಅಪ್ಪನ ಕಡೆ ತಿರುಗಿದರು.

“ಓದ್ಲಿ ಬುಡಪ್ಪ ಇನ್ನೆರಡು ವರ್ಸ. ರಜಕ್ಕೆ ಬಂದಾಗ ಈ ತಾತನ್ ತಾವ ಕನ್ನಡ ಕಲೀಲಿ.”

ಎರಡು ವರ್ಷ ಅಂದದ್ದು ಆಮೇಲೆ ನಾಲ್ಕಾಯಿತು. ಅಪ್ಪ ಬರೆದುಕೊಟ್ಟ ಉಳಿದೆರಡು ವಾಕ್ಯಗಳನ್ನು ನಾನು ಯಾರ ಮುಂದೆಯೂ ಹೇಳಬೇಕಾಗಿ ಬರಲಿಲ್ಲ. ಈಗಲೂ ಬಾಯಿಗೆ ಬರುತ್ತವೆ, ವರ್ಡ್ ಫಾರ್ ವರ್ಡ್. ಮೊದಲನೆಯದು ಮಾತ್ರ ತಲುಪಬೇಕಾದವರಿಗೆ ತಲುಪಲಿಲ್ಲ. ಅವತ್ತು ಸಂಜೆ ದೊಡ್ಡಪ್ಪನೇ ಅದನ್ನು ನೆನಪಿಸಿದರು. ಬಸ್ಸಿನಲ್ಲಿ ಬಂದವನು ನಾನು, ಪ್ರಯಾಣ ಹೇಗಿತ್ತು ಅಂತ ಕೇಳಿಸಿಕೊಂಡವರು ಅವರು ಎಂದು, ಹಳ್ಳದ ಕಡೆ ಬೆರಳು ತೋರಿಸಿ. ಹೆಸರು ಹಿಡಿಯಲಿಲ್ಲ.