ಬರಿಮೈ ಸಂಶೋಧಕ
ಸನಿವೇಲ್ ಎಂಬ ಊರಿನ ಸಾಫ್ಟ್‌ವೇರ್ ಇಂಜಿನಿಯರ್ ವೆಂಡೆಲ್ ಪ್ರೇಥರ್ ಸಂಜೆ ಮನೆಗೆ ಬಂದವನೇ ಕಂಪನಿಯ ಲ್ಯಾಪ್‌ಟಾಪನ್ನು ಅಡುಗೆಮನೆಯಲ್ಲಿಟ್ಟು, ಮೈಮೇಲಿನ ಟೀ ಶರ್ಟ್ ಕಳಚಿ, ಕಾರ್ ಶೆಡ್ಡಿನಲ್ಲಿ ಬರಿಮೈಯಲ್ಲಿ ಸ್ವಂತ ಸಂಶೋಧನೆಗೆ ಕೂರುತ್ತಾನೆ. ಕಂಪನಿಯ ಗುಂಡುಸೂಜಿ ಸೋಕಿದರೂ ಸಾಕು, ಕಂಡುಹಿಡಿದದ್ದೆಲ್ಲ ಕಂಪನಿಯದೇ ಎಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿದ್ದಾನೆ. ಬೀರುವಿನಲ್ಲಿರುವುದೋ, ಎಲ್ಲ ಕಂಪನಿ ಪುಕ್ಕಟೆ ಕೊಟ್ಟ ಶರ್ಟುಗಳೇ. “ಚಳೀಲಿ ನಡುಗ್ತಿದೀಯಲ್ಲೋ, ಒಂದು ಅಂಗಿ ಕೊಂಡ್ಕೋಬಾರ್ದಾ?” ಎಂದು ಹೆಂಡತಿ ಮಾರ್ಸಿ ಬೈದರೆ, “ಸಂಬಳಾನೂ ಅವರದ್ದೇ ಅಲ್ವೇನೆ!” ಎನ್ನುತ್ತಾನೆ. ಸ್ನಾನ ಮಾಡುವಾಗ ಏನಾದರೂ ಹೊಳೆದರೆ, ಟವೆಲ್ ಮೇಲೆ ಕಂಪನಿಯ ಹೆಸರಿಲ್ಲವೆಂದು ಖಾತ್ರಿ ಮಾಡಿಕೊಂಡೇ ಯೋಚನೆ ಮುಂದುವರಿಸುತ್ತಾನೆ. ಇಷ್ಟೆಲ್ಲ ಮಡಿಯಲ್ಲಿ ಅವನು ತಯಾರಿಸಿದ್ದು, ಪಕ್ಕದ ಮನೆಯ ಬೆಕ್ಕನ್ನು ತಡೆದು ತನ್ನ ಬೆಕ್ಕನ್ನಷ್ಟೇ ಒಳಗೆ ಬಿಡುವ ಒಂದು ಪುಟ್ಟ ಬಾಗಿಲು. ಮೊನ್ನೆ ಧೈರ್ಯ ಮಾಡಿ ಅದನ್ನು ಕಂಪನಿಯ ವಕೀಲೆಗೆ ತೋರಿಸಿದ. ಆಕೆ ನಕ್ಕು, “ಅಯ್ಯೋ, ಇದು ನಮಗ್ಯಾಕ್ರೀ? ನೀವೇ ಇಟ್ಕೊಳ್ಳಿ,” ಎಂದುಬಿಟ್ಟಳು. ಅಂದು ಸಂಜೆ ವೆಂಡೆಲ್ ಕಂಪನಿಯ ಶರ್ಟಿನಲ್ಲೇ ಶೆಡ್ಡಿಗೆ ಹೋಗಿ ಕೂತ. “ಇದೇನೋ, ಶರ್ಟ್ ಬಿಚ್ಚಲಿಲ್ವಾ?” ಎಂದಳು ಮಾರ್ಸಿ. “ಕದಿಯೋಕೆ ಯಾರೂ ಬರಲ್ವಂತೆ ಕಣೆ,” ಎಂದ ಅವನು, ಕೈಕಟ್ಟಿ ಮುದುಡಿಕೊಳ್ಳುತ್ತ. “ಶರ್ಟ್ ಇದ್ರೂ ಇವತ್ತು ಯಾಕೋ ತುಂಬಾ ಚಳಿ.”