ಕಾಕು ಉಡಿ ತುಂಬಿದ ಫೋಟೋ

ಕಾಕುವಿನ ಬಲಗೈಯ ಉಂಗುರದ ಬೆರಳು ವರ್ಷವಿಡೀ ಕೆಂಪಾಗಿರುತ್ತಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಕುಂಕುಮ ಹೋಗುತ್ತಿರಲಿಲ್ಲ. ಅವರು ನಮ್ಮ ಎದುರು ಮನೆಯವರು, ಇಡೀ ಓಣಿಗೆ ಕಾಕು, ಎಂದರೆ ಚಿಕ್ಕಮ್ಮ. ಹೊಸ್ತಿಲು ದಾಟಿ ಬಂದ ಮುತ್ತೈದೆ ಯಾರೇ ಇರಲಿ, ಹಣೆಗೆ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ ಹಾಕಿ ಉಡಿ ತುಂಬದೆ ಕಳಿಸಿದವರಲ್ಲ. ಬಸುರಿಯರಿಗೆ ಕುಬಸ ಮಾಡುವ ಮನೆಗಳಿಂದ ಮೊದಲ ಕರೆ ಬರುತ್ತಿದ್ದುದು ಅವರಿಗೇ.

ನಮ್ಮ ಊರು ಹುಕ್ಕೇರಿ ತಾಲ್ಲೂಕಿನಲ್ಲಿ, ಘೋಡಗೇರಿಯ ಆಚೆ. ಇಲ್ಲಿಗೆ ಸೊಸೆಯಾಗಿ ಬಂದ ಮೇಲೆ ಎರಡು ಸಲ ನನ್ನ ಹೊಟ್ಟೆಯಲ್ಲಿ ಕೂಸು ನಿಲ್ಲಲಿಲ್ಲ. ಕುಬಸದ ಮನೆಗಳಲ್ಲಿ ಹೆಂಗಸರು ನನ್ನನ್ನು ಕಂಡೂ ಕಾಣದಂತೆ ಬಾಜೂ ಕೂತವಳ ಉಡಿ ತುಂಬುತ್ತಿದ್ದರು. ಕಾಕು ಮಾತ್ರ ತಮ್ಮ ಮಗಳ ಕುಬಸದಲ್ಲಿ ನನ್ನನ್ನೇ ಮೊದಲು ಮಣೆಯ ಮೇಲೆ ಕೂರಿಸಿದರು. "ಕೊಡಾಂವ ಮ್ಯಾಲ ಅದಾನ. ನೀ ಸೆರಗ ಒಡ್ಡವಾ," ಎಂದರು. ಈಗ ನನಗೊಬ್ಬ ಮಗಳಿದ್ದಾಳೆ. ಶಿವನ ಉಪಕಾರ ಎಣಿಸಲು ಕೂತಾಗ ಆ ಮಣೆಯನ್ನೂ ಎಣಿಸುತ್ತೇನೆ.

ಅದೇ ಕುಬಸಕ್ಕೆ ಗೊಬ್ಬರದ ಅಂಗಡಿಯವನ ಹೆಂಡತಿಯೂ ಬಂದಿದ್ದಳು. ಕಾಕು ಅವಳ ಉಡಿ ತುಂಬುವಾಗ ಯಾರೋ ಫೋಟೋ ತೆಗೆದರು. ಮುಂದೆ ಆ ಅಂಗಡಿಯವನು ನಕಲಿ ಗೊಬ್ಬರ ಮಾರಿ ಜೈಲಿಗೆ ಹೋದ. ಹೆಂಡತಿ ಕೂಸನ್ನು ಎತ್ತಿಕೊಂಡು ಮೂಡಲಗಿಯ ತವರು ಸೇರಿದಳು.

ಪಂಚಾಯ್ತಿ ಚುನಾವಣೆ ಬಂದಾಗ ಓಣಿಯವರೆಲ್ಲ ಒತ್ತಾಯ ಮಾಡಿ ಕಾಕುವನ್ನು ನಿಲ್ಲಿಸಿದೆವು. ಗೆಲ್ಲುವುದು ಖಾತ್ರಿ ಇತ್ತು. ಆಗ ಎದುರಾಳಿ ಆ ಫೋಟೋ ಹೊರಗೆ ತೆಗೆದ. ಕಾಕುವಿನ ನಡತೆಯಲ್ಲಿ ಹಿಡಿಯಲು ಏನೂ ಸಿಗದ ಹೇಡಿಯ ಕೆಲಸವದು. 'ಗೊಬ್ಬರ ಕಳ್ಳನ ಹೆಂಡತಿಯ ಉಡಿ ತುಂಬಿದಾಕೆಗೆ ನಿಮ್ಮ ಮತವೇ?' ಎಂದು ಬರೆದು ಎಲ್ಲರ ಮೊಬೈಲಿಗೆ ಹರಿಬಿಟ್ಟ. ಕಾಕುವಿಗೆ ಓದಲು ಬರುತ್ತಿರಲಿಲ್ಲ. ಅಷ್ಟಾದರೂ ಪುಣ್ಯ ಎಂದುಕೊಂಡೆ. ಮರುದಿನ ಟಂಟಂ ಗಾಡಿಗೆ ಮೈಕು ಕಟ್ಟಿ ಅದನ್ನೇ ಅವರ ಬಾಗಿಲ ಮುಂದೆ ಕೂಗಿಸಿದ.

ನಮ್ಮ ಕಡೆಯ ಹಿರಿಯರು ಬಂದು ಕಾಕುವಿನ ಕಟ್ಟೆಯ ಮೇಲೆ ಕೂತರು.

"ಆಕಿ ಯಾರಂತ ನನಗ ಗೊತ್ತಿಲ್ಲ, ಕರೀದ ಬಂದಿದ್ಲು ಅಂತ ಒಂದ ಮಾತ ಹೇಳಿಬಿಡ್ರಿ. ಮುಗದ ಹೋಗತೈತಿ."

"ಕರದಾಕಿ ನಾನ," ಎಂದರು ಕಾಕು. "ಕರದು ಮಣಿ ಮ್ಯಾಲ ಕುಂದ್ರಿಸಿ, ಈಗ ನೀ ಯಾರ ಅನ್ಲಿ? ಗೊಬ್ಬರ ಆಕಿ ಮಾರಿದ್ಳೇನ್ರಿ?"

"ಸೀಟ್ ಹೋಗತೈತ್ರಿ."

"ಹೋದ್ರ ಹೋಗವಲ್ಲದ್ಯಾಕ."

ಅದೇ ವಾರ ಎದುರಾಳಿಯ ಹೆಂಡತಿ ಹೆಂಗಸರ ಗುಂಪು ಕಟ್ಟಿಕೊಂಡು ಪ್ರಚಾರಕ್ಕೆ ಬಂದಳು. ಕಾಕುವಿನ ಮನೆಯನ್ನು ಬಿಟ್ಟು ಮುಂದೆ ಹೋಗುತ್ತಾಳೆ ಎಂದುಕೊಂಡರೆ, ಹಲ್ಲು ಕಿಸಿಯುತ್ತ ಒಳಗೇ ಬಂದಳು. "ನಾವೂ ನಿಮ್ಮ ಮಕ್ಕಳ ಅದೇವಲ್ರಿ, ಕಾಕು," ಎಂದಳು. ಕಾಕು ತಟ್ಟೆ ತಂದು, ಅವಳ ಹಣೆಗೆ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ ಹಾಕುತ್ತ ಕೇಳಿದರು: "ಫೋಟೋ ತಗ್ಯಾವರು ಯಾರೂ ಬಂದಿಲ್ಲೇನವಾ? ಕರಸ್ಕೊ. ನಾಳೆ ನಿನ್ನ ಗಂಡ ಸಿಕ್ಕಬಿದ್ರ ನನಗ ಬೈಯಾಕ ಮಂದಿಗೆ ಫೋಟೋ ಬೇಕಾಗತೈತಿ."

ಅವಳು ಅರ್ಧ ಅಕ್ಕಿ ಚೆಲ್ಲಿಕೊಂಡು ಎದ್ದು ಹೋದಳು.

ಕಾಕು ಸೋತರು. ಸೋಲನ್ನು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ. ಆದರೆ ಕುಬಸದ ಕರೆಗಳು ನಿಂತುಹೋದವು. ಮತ ನಿಮಗೇ ಎಂದು ಬಸವಣ್ಣನ ಆಣೆ ಮಾಡಿದ ಹೆಂಗಸರೇ, "ಯಾಕ ಬೇಕ ನಮಗ, ಮಂದಿ ಏನರೆ ಅಂತಾರ" ಎಂದು ಅವರನ್ನು ಬಿಟ್ಟು ಕಾರ್ಯ ಮಾಡಿಕೊಂಡರು. ಯಾವುದೋ ಕುಬಸದ ಮನೆಯಿಂದ ಸಂಬಾಳ ವಾದ್ಯ ಕೇಳಿದಾಗ ಕಾಕು ಹೊಸ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತು, ಸಂಜೆಯಾದ ಮೇಲೆ ಒಳಗೆ ಹೋಗುತ್ತಿದ್ದರು. ಆ ಹೆಂಗಸರನ್ನು ನಾನು ಕ್ಷಮಿಸಿಲ್ಲ. ಕ್ಷಮಿಸು ಎಂದು ಶಿವನೂ ಇನ್ನೂ ಹೇಳಿಲ್ಲ.

ಈ ಶ್ರಾವಣದಲ್ಲಿ ಕಾಕು ಲಿಂಗೈಕ್ಯರಾದರು. ಹೆಚ್ಚು ನರಳಲಿಲ್ಲ, ಮುತ್ತೈದೆಯಾಗಿಯೇ ಹೋದರು. ಎರಡೂ ದೇವರ ಉಪಕಾರವೇ. ಗಂಡಸರು ಮಣ್ಣು ಕೊಟ್ಟು ಬರುವಷ್ಟರಲ್ಲಿ ಓಣಿಯ ಮೂಲೆಯಲ್ಲಿ ಗೋಕಾಕದಿಂದ ಮಾಡಿಸಿ ತಂದ ದೊಡ್ಡ ಫ್ಲೆಕ್ಸ್ ಎದ್ದಿತ್ತು. 'ಮಹಾತಾಯಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕಾಕುವಿನ ಮುಖದ ಪಕ್ಕದಲ್ಲಿ, ಅಷ್ಟೇ ದೊಡ್ಡದಾಗಿ, ಕೈ ಮುಗಿದ ಎದುರಾಳಿಯ ಮುಖ. ಬಿಳಿ ಅಂಗಿ ತೊಟ್ಟು ಅವನೂ ಕೆಳಗೇ ನಿಂತಿದ್ದ. ನಾನು ನೇರ ಹೋಗಿ ಕಂಬದ ಹಗ್ಗ ಬಿಚ್ಚತೊಡಗಿದೆ.

"ಅಕ್ಕಾರ, ಏನ್ ಮಾಡಾಕತ್ತೀರಿ?" ಎಂದ.

"ಅವ್ರ ಬಾಜೂ ನಿಮ್ಮ ಮಾರಿ ಬ್ಯಾಡ್ರಿ," ಎಂದೆ. "ನೋಡಿದ ಮಂದಿ ಕಾಕುನ ಬಗ್ಗೆ ಏನರೆ ತಿಳಕೊಂಡಾರು."