ಕ್ಲಚ್ಚಿಲ್ಲದ ಕಾರು, ಚಲುವಯ್ಯನ ಎಡಗಾಲು

ಕೆ.ಆರ್.ಪೇಟೆಯಲ್ಲಿ ಚಲುವಯ್ಯನ ಶೆಡ್ಡು ಎಲ್ಲಿ ಅಂತ ಕೇಳಿದರೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವಳೂ ಕೈ ತೋರಿಸುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಅದೇ ಹುಣಸೆಮರದ ಕೆಳಗೆ ಜೀಪು, ವ್ಯಾನು, ಟ್ಯಾಕ್ಸಿಗಳನ್ನು ಬಿಚ್ಚಿ ಕಟ್ಟುತ್ತ ಬಂದವನು. ಅವನು ರೋಗ ಹಿಡಿಯುವ ರೀತಿಯೇ ಬೇರೆ. ಗಾಡಿ ಓಡಿಸುತ್ತ ಗೇರಿನ ಕೋಲಿನ ಮೇಲೆ ಅಂಗೈ ಇಡುತ್ತಿದ್ದ, ಒಂದು ಗಳಿಗೆ ಸುಮ್ಮನಿರುತ್ತಿದ್ದ, ಆಮೇಲೆ "ಎರಡ್ನೇ ಗೇರಿನ ಹಲ್ಲು ಸವ್ದದೆ" ಅನ್ನುತ್ತಿದ್ದ. ಬಿಚ್ಚಿ ನೋಡಿದರೆ ಸವೆದೇ ಇರುತ್ತಿತ್ತು. ಹೆಸರು ಬಂದ ಮೇಲೆ ಜಂಬ ಬರದೆ ಇರುತ್ತದೆಯೇ? ಅದೂ ಬಂತು. "ಗೊತ್ತಿಲ್ಲ" ಎನ್ನುವ ಮಾತನ್ನು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ.

ತೊಂಬತ್ತೇಳರ ಬೇಸಿಗೆಯಲ್ಲಿ ಸಂತೆಬಾಚಹಳ್ಳಿ ಕಡೆಯ ತಿಮ್ಮರಾಜು ಒಂದು ಹಳೇ ಫಾರಿನ್ ಕಾರು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ತಿಮ್ಮರಾಜು ಮಿಲಿಟರಿಯಲ್ಲಿದ್ದವನು. ಗಡಿಯಲ್ಲಿ ನೆಲಬಾಂಬು ಸಿಡಿದು ಎಡಗಾಲು ಮಂಡಿಯಿಂದ ಕೆಳಕ್ಕೆ ಹೋಗಿತ್ತು. ಊರಿಗೆ ಬಂದು ಆರು ವರ್ಷ, ಬಸ್ಸು ಹತ್ತಬೇಕೆಂದರೆ ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತಬೇಕು. ಎತ್ತುವವರು ಪಾಪ ಅನ್ನುತ್ತಿದ್ದರು, ಇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಅದಕ್ಕೇ ಮೈಸೂರೆಲ್ಲ ಹುಡುಕಿ, ಗೇರು ತಾನೇ ತಾನಾಗಿ ಬದಲಾಗುವ ಈ ಕಾರು ಕೊಂಡಿದ್ದ. ಓಡಿಸಲು ಬಲಗಾಲೊಂದಿದ್ದರೆ ಸಾಕು, ಯಾರ ಹಂಗೂ ಬೇಡ.

"ಚಲುವಣ್ಣ, ದಿಬ್ಬ ಅತ್ತುವಾಗ ಇಂಜಿನ್ನು ಕೂಗಾಡ್ತದೆ, ಗಾಡಿ ಮಾತ್ರ ಮುಂದಕ್ಕೆ ಓಗಾಕಿಲ್ಲ. ಎರಡ್ರಿಂದ ಮೂರಕ್ಕೆ ಬೀಳೋವಾಗ ಒಸಿ ಒತ್ತು ಯೋಚ್ನೆ ಮಾಡ್ತದೆ," ಅಂದ ತಿಮ್ಮರಾಜು.

"ಕ್ಲಚ್ ಪ್ಲೇಟು ಓಗ್ಬುಟ್ಟದೆ, ಇನ್ನೇನು," ಅಂದುಬಿಟ್ಟ ಚಲುವಯ್ಯ, ಬಾಗಿಲು ತೆಗೆಯುವುದಕ್ಕೂ ಮುಂಚೆ.

"ಕ್ಲಚ್ಚೇ ಇಲ್ವಲ್ಲಣ್ಣ ಇದಕ್ಕೆ!"

ಚಲುವಯ್ಯ ಬಗ್ಗಿ ನೋಡಿದ. ಹೌದು, ಕಾಲ ಹತ್ತಿರ ಎರಡೇ ಪೆಡಲು. ಆದರೂ ಗೊತ್ತಿದ್ದವನಂತೆ ತಲೆಯಾಡಿಸಿ ಹತ್ತಿ ಕೂತ. ರಸ್ತೆಗಿಳಿದು ಸ್ವಲ್ಪ ವೇಗ ಬಂದಿತ್ತೋ ಇಲ್ಲವೋ, ಇಪ್ಪತ್ತೆಂಟು ವರ್ಷದ ಅಭ್ಯಾಸದ ಎಡಗಾಲು ಕ್ಲಚ್ಚು ತುಳಿಯಲು ಹೋಗಿ ಬ್ರೇಕನ್ನೇ ಜಾಡಿಸಿ ತುಳಿಯಿತು. ಕಾರು ಗಕ್ಕನೆ ನಿಂತಿತು, ಅವನ ಹಣೆ ಗಾಜಿಗೆ ಬಡಿಯಿತು. ಮತ್ತೆ ಹೊರಟು ಗೇರಿನ ಕೋಲಿನ ಮೇಲೆ ಅಂಗೈ ಇಟ್ಟರೆ ಅದು ಸುಮ್ಮನೆ ಬಿದ್ದಿತ್ತು, ಒಳಗೆ ಗೇರುಗಳು ಮಾತ್ರ ತಮ್ಮ ಪಾಡಿಗೆ ಬೀಳುತ್ತಿದ್ದವು. ಅಲ್ಲಾ, ತಾನೇ ಬೀಳುತ್ತದೆ ಅಂದರೆ ಬೀಳಿಸುವವರು ಯಾರು? ಈಗ ಬೀಳು ಅಂತ ಅದಕ್ಕೆ ಹೇಳುವವರು ಯಾರು? ಚಲುವಯ್ಯನಿಗೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಯಿತು. ಬಾಯಿಬಿಟ್ಟು ಹೇಳಬೇಕಲ್ಲ, ಹೇಳಲಿಲ್ಲ ಪುಣ್ಯಾತ್ಮ.

ಬಾನೆಟ್ಟು ಎತ್ತಿದಾಗ ಎಣ್ಣೆ ನೋಡುವ ಕಡ್ಡಿ ಒಂದಲ್ಲ, ಎರಡು ಕಂಡವು. ಎರಡನೆಯದು ಗೇರ್‌ಬಾಕ್ಸಿನದು. ಸದ್ಯ, ಗೊತ್ತಿರುವ ಒಂದು ವಸ್ತುವಾದರೂ ಸಿಕ್ಕಿತಲ್ಲ! ಇಂಜಿನ್ನು ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಕಡ್ಡಿ ಒರೆಸಿ ಅದ್ದಿ ನೋಡಬೇಕು. ಅವನ ಗುರು ಕಲಿಸಿದ ಮೊದಲ ಪಾಠವೇ ಅದು. ಹಾಗೇ ನೋಡಿದ. ಕುಂಕುಮದ ನೀರಿನಂಥ ಕೆಂಪೆಣ್ಣೆ ಗೆರೆ ದಾಟಿ ಮೇಲಿತ್ತು.

"ಯಾವನೋ ಜಾಸ್ತಿ ಉಯ್ದವ್ನೆ. ಅದ್ಕೇ ಮುಕ್ಕರಿತದೆ," ಅಂದು ಒಂದು ಲೀಟರಿಗೂ ಮೀರಿ ತೆಗೆದು, ತಗಡಿನ ಡಬ್ಬಕ್ಕೆ ಸುರಿದು ಮೂಲೆಗಿಟ್ಟ. ತಿಮ್ಮರಾಜು ಖುಷಿಯಿಂದ ಕೈಮುಗಿದು ಹೊರಟ.

ಮೂರನೇ ದಿನ ಬೆಳಗ್ಗೆ ತಿಮ್ಮರಾಜುವಿನ ತಾಯಿ ಚಿಕ್ಕಬೋರಮ್ಮ ಬಸ್ಸಿಳಿದು ನೇರ ಶೆಡ್ಡಿಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

"ಅದೇನ್ ಮಾಡ್ದೆ ಕಣಪ್ಪ ಆ ಕಾರಿಗೆ? ನಮ್ಮ ಒಲದ ತಾವು ದಿಬ್ಬದಲ್ಲಿ ನಿಂತೋಯ್ತು. ಸುತ್ತ ಗದ್ದೇಲಿದ್ದೋರೆಲ್ಲ ನೋಡ್ತಿದ್ದಂಗೆ ನನ್ ಮಗನ್ನ ಇಬ್ರು ಕೂಸಿನಂಗೆ ಎತ್ಕೊಂಡು ಮನೆಗ್ ತಂದ್ರು. ಆವತ್ತಿಂದ ಮಾತಿಲ್ಲ, ಕತೆಯಿಲ್ಲ. ಕಾರ ಗುಜರಿಗೆ ಆಕ್ಬುಡು ಅಂತಾನೆ."

ಚಲುವಯ್ಯ ಚೀಲಕ್ಕೆ ಸ್ಪ್ಯಾನರು ತುಂಬಿಕೊಂಡು ಅವಳ ಜೊತೆಗೇ ಬಸ್ಸು ಹತ್ತಿದ.

ಕಾರು ದಿಬ್ಬದ ಬುಡದಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟುಕೊಂಡು ನಿಂತಿತ್ತು. ಚಲುವಯ್ಯ ಕೆಳಗೆ ನುಸುಳಿದ, ಎದ್ದ, ಮತ್ತೆ ನುಸುಳಿದ. ಇಂಜಿನ್ನು ಹಚ್ಚಿ ಕೋಲನ್ನು ಮುಂದಕ್ಕೆ ಹೋಗುವ ಗೆರೆಗೆ ತಂದರೆ ಹತ್ತು ಎಣಿಸುವವರೆಗೂ ಕಾರಿಗೆ ಕಿವಿಯೇ ಕೇಳದು. ಇಂಜಿನ್ನು ನಿಲ್ಲಿಸಿ ಕಡ್ಡಿ ನೋಡಿದರೆ ಎಣ್ಣೆ ಸರಿಯಾಗಿ ಗೆರೆಯ ಮೇಲೇ ಇದೆ! ಸೋರಿಲ್ಲ, ಸುಟ್ಟಿಲ್ಲ. ಎಲ್ಲ ಸರಿಯಿದೆ, ಗಾಡಿ ಮಾತ್ರ ಹೋಗದು. ಮಧ್ಯಾಹ್ನದ ಹೊತ್ತಿಗೆ ಅವನಿಗೆ ಅಳುವೇ ಬರುವಂತಾಯಿತು. ತಾನು ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳೋ, ಈ ಕಾರೇ ಸುಳ್ಳೋ?

ಮುಖ ತೊಳೆಯಲು ಹೊಲದ ಬಾವಿಯ ಹತ್ತಿರ ಹೋದ. ಪಂಪ್‌ಸೆಟ್ಟು ಓಡುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಪೈಪಿನಲ್ಲಿದ್ದ ನೀರೆಲ್ಲ ಗಳಗಳ ಸದ್ದು ಮಾಡುತ್ತ ವಾಪಸು ಬಾವಿಗಿಳಿಯಿತು.

"ಪೈಪಿನ ಬುಡದ ವಾಲ್ವು ಓಗಿ ತಿಂಗಳಾಯ್ತು. ಮೋಟ್ರು ನಿಂತ್ರೆ ಪೈಪಿನ ನೀರೆಲ್ಲ ಬಾವಿಗೇ ಓಯ್ತದೆ," ಅಂದಳು ಚಿಕ್ಕಬೋರಮ್ಮ, ಮೆಟ್ಟಿಲ ಮೇಲೆ ಕೂತವಳು. "ನಿಂತಾಗ ನೋಡ್ಬಾರ್ದು ಕಣಪ್ಪ, ಓಡೋವಾಗ ನೋಡ್ಬೇಕು. ಆಗ್ಲೇ ಗೊತ್ತಾಗೋದು ಬಾವೀಲಿ ನೀರು ಎಷ್ಟೈತೆ ಅಂತ."

ಚಲುವಯ್ಯ ಒದ್ದೆ ಮುಖದಲ್ಲೇ ಓಡಿದ. ಇಂಜಿನ್ನು ಹಚ್ಚಿ, ಬಿಸಿಯಾಗಲು ಬಿಟ್ಟು, ಅದು ಓಡುತ್ತಿರುವಾಗಲೇ ಎರಡನೇ ಕಡ್ಡಿ ಎಳೆದ. ತುದಿ ಕೂಡ ಸರಿಯಾಗಿ ಒದ್ದೆಯಾಗಿರಲಿಲ್ಲ. ಗೇರು ಬೀಳಿಸುತ್ತಿದ್ದದ್ದು ಆ ಕೆಂಪೆಣ್ಣೆಯೇ! ಓಡುವಾಗ ಮೇಲೇರಿ ಒಳಗೆಲ್ಲ ಒತ್ತುತ್ತದೆ, ನಿಂತಾಗ ಕೆಳಗಿಳಿದು ತುಂಬಿದಂತೆ ಕಾಣುತ್ತದೆ. ಮೊದಲೇ ಕಮ್ಮಿಯಿದ್ದ ಎಣ್ಣೆಯನ್ನು ಇವನು ಇನ್ನಷ್ಟು ತೆಗೆದಿದ್ದ. ಅಯ್ಯೋ ನನ್ನ ಕೈ ಮುರಿದುಹೋಗ, ಅಂತ ಹಣೆ ಚಚ್ಚಿಕೊಂಡ.

ಮಾರನೇ ದಿನ ಮೈಸೂರಿಗೆ ಹೋಗಿ, ಡಬ್ಬದ ಎಣ್ಣೆಯನ್ನು ಅಂಗಡಿಯವನಿಗೆ ತೋರಿಸಿ, ಅಂಥದ್ದೇ ಹೊಸದು ತಂದ. ಇಂಜಿನ್ನು ಓಡುತ್ತಿರುವಾಗಲೇ ಲೋಟ ಲೋಟ ಹುಯ್ಯುತ್ತ, ಕಡ್ಡಿ ನೋಡುತ್ತ ಗೆರೆ ಮುಟ್ಟಿಸಿದ. ಕೋಲು ಸರಿಸಿದ. ಕಾರು ತಡಮಾಡದೆ ದಿಬ್ಬ ಹತ್ತಿತು. ಸಂತೋಷವಾಯಿತು ನಿಜ, ಆದರೆ ಜೊತೆಗೇ ಒಂದು ಸಂಕಟ ಶುರುವಾಯಿತು. ಸುಮ್ಮನಿದ್ದರೆ ಇವನೇ ಶೂರ, ಹೇಳಿದರೆ ಇವನೇ ಕಳ್ಳ.

ಕಾರನ್ನು ಮನೆಯ ಮುಂದೆ ನಿಲ್ಲಿಸಿದಾಗ ತಿಮ್ಮರಾಜು ಊರುಗೋಲು ಊರಿಕೊಂಡು ಹೊರಗೆ ಬಂದ. ಕಣ್ಣಲ್ಲಿ ಆಸೆಯಿತ್ತು.

"ತಪ್ಪು ನಂದು ತಿಮ್ಮರಾಜು," ಅಂದ ಚಲುವಯ್ಯ. "ಎಣ್ಣೆ ನೋಡೋ ಕ್ರಮ ನಂಗೊತ್ತಿರ್ಲಿಲ್ಲ. ಗೊತ್ತಿಲ್ಲ ಅನ್ನಕ್ಕೆ ನಾಚ್ಕೆ ಆಯ್ತು. ಇರೋ ಎಣ್ಣೇನೂ ತೆಗ್ದ್ಬುಟ್ಟೆ."

"ಗೊತ್ತಿಲ್ಲ ಅಂತ ಅವತ್ತೇ ಅಂದಿದ್ರೆ ಇನ್ನೊಬ್ರ ತೋಳ ಮೇಲೆ ಮನೆಗ್ ಬತ್ತಿರ್ಲಿಲ್ಲ ಕಣಣ್ಣ ನಾನು," ಅಂದ ತಿಮ್ಮರಾಜು. ಚಲುವಯ್ಯ ಚೀಲ ಎತ್ತಿಕೊಂಡು ಬಸ್ಸಿನ ದಾರಿ ಹಿಡಿದ.

ಹಿಂದಿನಿಂದ ಹಾರನ್ನು ಕೂಗಿತು. ತಿಮ್ಮರಾಜು ಸ್ಟೇರಿಂಗ್ ಹಿಡಿದು ಕೂತಿದ್ದ.

"ಕಾರ್ ಅತ್ತಣ್ಣ. ಪೇಟೆಗಂಟ ಬುಟ್ಬತ್ತೀನಿ."

ಇಬ್ಬರೂ ಹೊರಟರು. ದಿಬ್ಬ ಬಂತು. ಇಂಜಿನ್ನಿನ ದನಿ ಏರಿತು, ಎರಡು ಬಿತ್ತು, ಮೂರು ಬಿತ್ತು. ಒಂದೊಂದು ಗೇರು ಬೀಳುವಾಗಲೂ ಪಕ್ಕದ ಸೀಟಿನಲ್ಲಿದ್ದ ಚಲುವಯ್ಯನ ಎಡಗಾಲು ಇಲ್ಲದ ಕ್ಲಚ್ಚನ್ನು ತುಳಿಯುತ್ತಲೇ ಇತ್ತು. ತಿಮ್ಮರಾಜು ಓರೆಗಣ್ಣಿನಲ್ಲಿ ಅದನ್ನೇ ನೋಡುತ್ತಿದ್ದವನು, ಮೂರ್ನಾಲ್ಕು ದಿನದ ಮೇಲೆ ಮೊದಲ ಸಲ ಗಹಗಹಿಸಿ ನಕ್ಕ.

"ಆ ಕಾಲ ಸುಮ್ನೆ ಇಡಣ್ಣ," ಅಂದ. "ನಂದಂತೂ ಸುಮ್ಕೆ ಅದೆ."

ಚಲುವಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಡಗಾಲನ್ನು ಸೀಟಿನ ಕೆಳಕ್ಕೆ ಎಳೆದುಕೊಂಡು, ಪೇಟೆ ಬರುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದ.